ಅವ್ವನ ರೆಪ್ಪೆ, ನಮ್ಮ ಕಚೇರಿಯ ಷರಾ

"ಕಣ್ಣು ಮಿಟುಕಿಸಿ ಅಜ್ಜಿ, ಇನ್ನೊಂದ್ಸಲ." ಬ್ಯಾಂಕಿನ ಹುಡುಗ ಮೊಬೈಲ್ ಹಿಡ್ಕೊಂಡು ಐದಾರು ಸಲ ಹೇಳಿದ. ಅವ್ವ ಮಿಟುಕಿಸ್ತಾನೇ ಇದ್ದಳು, ಬಲಗಣ್ಣು ಮುಚ್ಚುತ್ತಲೇ ಇರಲಿಲ್ಲ. ಕೆವೈಸಿ ಆಗಲಿಲ್ಲ. ಹೊರಗೆ ಬಂದು ಕೇಳಿದಳು: "ಯಾಕ್ಲಾ ಮಗಾ, ಆ ಮಿಷಿನ್ನಿಗೂ ನನ್ ಮಖ ಆಗಕಿಲ್ವಾ?"

ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ಗೌಡರ ಆಲೆಮನೆಯಲ್ಲಿ ಕುದಿಯೋ ಕೊಪ್ಪರಿಗೆಯಿಂದ ಪಾಕ ಸಿಡಿದು ಅವಳ ಕೆನ್ನೆ ಸುಟ್ಟಿತ್ತು. ಗಾಯ ಮಾಯ್ತು, ಆದರೆ ಕಲೆ ಬಿಗೀತಾ ಬಿಗೀತಾ ಕೆಳರೆಪ್ಪೆಯನ್ನ ಕೆಳಕ್ಕೆ ಜಗ್ಗಿಬಿಡ್ತು. ಅಂದಿನಿಂದ ಒಂದು ಕಣ್ಣು ತೆರೆದೇ ಮಲಗ್ತಿದ್ದಳು. ಸದಾ ನೀರು, ಸದಾ ಉರಿ. ಕೇರಿಯ ಮಕ್ಕಳು ಹೆದರ್ತಿದ್ವು.

ಬ್ಯಾಂಕಿನ ಆ ದಿನದ ನಂತರ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ರೆಪ್ಪೆ ಮುಚ್ಚದಿದ್ರೆ ಕಣ್ಣಿನ ಕರಿಗುಡ್ಡೆ ಒಣಗಿ ಹುಣ್ಣಾಗುತ್ತೆ, ದೃಷ್ಟಿಯೇ ಹೋಗಬಹುದು ಅಂದ್ರು. ಬಿಗಿದ ಕಲೆ ಬಿಡಿಸಿ, ಕಿವಿ ಹಿಂದಿನ ಚರ್ಮ ತೆಗೆದು ರೆಪ್ಪೆಗೆ ಕಸಿ ಮಾಡಿದ್ರು. ಇದಕ್ಕೂ ಪ್ಲಾಸ್ಟಿಕ್ ಸರ್ಜರಿ ಅಂತಲೇ ಹೆಸರು. ಆ ಹೆಸರೇ ಮುಳುವಾಯ್ತು.

ಬಿಲ್ಲು ವಾಪಸ್ ಬಂತು. ಷರಾ: "ಸೌಂದರ್ಯ ಚಿಕಿತ್ಸೆ, ಪರಿಗಣಿಸಲು ಅವಕಾಶವಿರುವುದಿಲ್ಲ." ಅರವತ್ತು ದಾಟಿದ ಅವ್ವನಿಗೆ ಸೌಂದರ್ಯ! ಕಾಸಿದ್ದವರು ಜೋತ ರೆಪ್ಪೆ ಬಿಗಿ ಮಾಡಿಸ್ಕೋತಾರೆ, ಮಾಡಿಸ್ಕೊಳ್ಳಲಿ, ನಂಗೆ ತಕರಾರಿಲ್ಲ. ಆದ್ರೆ ಕಣ್ಣು ಮುಚ್ಚಿ ಮಲಗೋದು ಶೋಕಿಯಾ? ಸಿಟ್ಟು ಇಳಿದ ಮೇಲೆ ನಾಚಿಕೆ ಆಯ್ತು. ನಾನೂ ಗುಮಾಸ್ತ. ಕಡತದ ಹಿಂದಿನ ಮುಖ ನೋಡದೆ ಇಂಥದೇ ವಾಕ್ಯ ನಾನೆಷ್ಟು ಸಲ ಬರೆದಿದ್ದೀನೋ.

ಕಣ್ಣು ಮುಚ್ಚಲ್ಲ, ದೃಷ್ಟಿಗೆ ಅಪಾಯ ಅಂತ ಡಾಕ್ಟರ ಕೈಲಿ ಬರೆಸಿ ಮೇಲ್ಮನವಿ ಹಾಕಿದ್ದೀನಿ. ಇನ್ನೂ ಉತ್ತರ ಇಲ್ಲ.

ಗೆಳೆಯರೇ, ಒಂದು ವಿಷಯ ನೆನಪಿಟ್ಕೊಳ್ಳಿ. ಆಸಿಡ್ ದಾಳಿಗೆ ಒಳಗಾದವರು ಇದೇ ಕಣ್ಣು ಮಿಟುಕಿಸೋ ಕೆವೈಸಿ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ರು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆ ಪಡೆಯೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ, ಮಿಟುಕಿಸಲಾಗದವರಿಗೆ ಬೇರೆ ದಾರಿ ಕೊಡಬೇಕು ಅಂತ ಆದೇಶ ಮಾಡಿದೆ. ನಿಮ್ಮೂರಿನ ಬ್ಯಾಂಕಲ್ಲಿ ಯಾರನ್ನಾದ್ರೂ ವಾಪಸ್ ಕಳಿಸಿದ್ರೆ ಈ ತೀರ್ಪು ತೋರಿಸಿ. ಬಿಲ್ಲಿಗೆ "ಸೌಂದರ್ಯ" ಅಂತ ಷರಾ ಬಂದ್ರೆ ಸುಮ್ನೆ ಕೂರಬೇಡಿ.

ಹೊಲಿಗೆ ಬಿಚ್ಚಿದ ರಾತ್ರಿ ಅವ್ವ ಮಲಗಿದ್ದನ್ನ ನೋಡ್ತಾ ಕೂತಿದ್ದೆ. ಎರಡೂ ಕಣ್ಣು ಮುಚ್ಚಿದ್ವು.

ಜೈ ಭೀಮ್.