ಅಕ್ಕಡಿ ಸಾಲಿನ ಸಾರು

ವಿರೂಪಾಕ್ಷಿಪುರದ ಕಡೆ ಹೊತ್ತು ಮುಳುಗುವ ವೇಳೆಗೆ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದ ಮಾತು ಒಂದೇ: 'ಏನ್ ಸಾರು?' ಊಟ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಊಟ ಎಂದರೆ ರಾಗಿ ಮುದ್ದೆ, ಅದು ಗೊತ್ತಿದ್ದದ್ದೇ. ದಿನದಿಂದ ದಿನಕ್ಕೆ ಬದಲಾಗುತ್ತಿದ್ದದ್ದು ಸಾರು ಮಾತ್ರ. 'ಹುಳ್ಳಿಕಾಳ್ ಬಸ್ಸಾರು ಕಣಕ್ಕ' ಎಂದು ಒಂದು ಜಗಲಿಯಿಂದ ಉತ್ತರ ಬಂದರೆ, ಎದುರು ಮನೆಯಿಂದ 'ನಮ್ದು ತಡಗುಣಿ ಉಪ್ಸಾರು, ಒಂದ್ ಬಟ್ಟಲು ಈಸ್ಕೊಂಡ್ ಹೋಗು' ಎಂಬ ಕರೆ. ಹೀಗೆ ಬಟ್ಟಲುಗಳು ಬೀದಿ ದಾಟುತ್ತಿದ್ದವು. ಒಂದು ವಾರದಲ್ಲಿ ಒಂದೇ ಸಾರು ಎರಡು ಸಲ ಮಾಡಿದರೆ ಮನೆಯ ಗಂಡಸರು ಗೊಣಗುತ್ತಿದ್ದರು. ಅಷ್ಟು ಬಗೆ ಮಾಡುವುದಕ್ಕೆ ಅಂಗಡಿಯಿಂದ ಬರುತ್ತಿದ್ದದ್ದು ಉಪ್ಪು, ಜೀರಿಗೆ, ಮೆಣಸು, ಕೈಯಲ್ಲಿ ಕಾಸಿದ್ದರೆ ಬೆಳ್ಳುಳ್ಳಿ. ಮಿಕ್ಕಿದ್ದೆಲ್ಲ ಮನೆಯದೇ.

ಈಗಲೂ ಊರಿಗೆ ಹೋದಾಗ ನಾನು ಆ ಪ್ರಶ್ನೆ ಕೇಳುತ್ತೇನೆ. ಹತ್ತರಲ್ಲಿ ಎಂಟು ಮನೆಯ ಉತ್ತರ 'ಬೇಳೆಸಾರು' ಎಂದಿರುತ್ತದೆ. ಬೇಳೆ ಪೊಟ್ಟಣದ್ದು, ಸಾರಿನ ಪುಡಿಯೂ ಪೊಟ್ಟಣದ್ದು. ಹಳೆಯ ಆ ಬಗೆಬಗೆಯ ಸಾರು ಅಡುಗೆ ಮಾಡುವವಳ ಜಾಣತನದಿಂದಷ್ಟೇ ಬಂದದ್ದಲ್ಲ, ಹೊಲದಿಂದ ಬಂದದ್ದು. ಹೊಲದಲ್ಲಿ ರಾಗಿಯ ನಡುವೆ ಕಾಳು ಬಿತ್ತುವ ಅಕ್ಕಡಿ ಸಾಲು ಇಲ್ಲವಾದ ಮೇಲೆ ಒಲೆಯ ಮೇಲಿನ ಮಡಕೆಯೂ ಬಡವಾಯಿತು. ನನ್ನ ಸಂಕಟ ಇರುವುದು ಅಲ್ಲಿ.

ಚನ್ನಪಟ್ಟಣ ತಾಲ್ಲೂಕಿನ ನಮ್ಮ ವಿರೂಪಾಕ್ಷಿಪುರ ಹೋಬಳಿ ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ಸೀಮೆ. ರಾಗಿ ಹೊಲಕ್ಕೆ ಕೂರಿಗೆ ಹೂಡಿದಾಗ ಅದರ ಹಿಂದೆ ಸಡ್ಡೆ ಕಟ್ಟುತ್ತಿದ್ದರು. ಸಡ್ಡೆ ಎಂದರೆ ಬಿದಿರಿನ ಕೊಳವೆ. ರಾಗಿಯ ಕೆಲವು ಸಾಲುಗಳಿಗೆ ಒಂದರಂತೆ ಅಕ್ಕಡಿ ಸಾಲು ಬೀಳುವ ಹಾಗೆ, ಮಡಿಲಿನ ಕಾಳನ್ನು ಆ ಕೊಳವೆಗೆ ಬಿಡುತ್ತ ಹೆಂಗಸೊಬ್ಬಳು ಹಿಂದೆ ನಡೆಯುತ್ತಿದ್ದಳು. ಅವಳ ಮಡಿಲಲ್ಲಿ ಅವರೆ, ತೊಗರಿ, ತಡಗುಣಿ ಎಂದು ನಾವು ಕರೆಯುವ ಅಲಸಂದೆ, ಒಂದಷ್ಟು ಹೆಸರು, ಹುಚ್ಚೆಳ್ಳು, ಸಾಸಿವೆ ಎಲ್ಲ ಇರುತ್ತಿದ್ದವು. ಹೊಲದಂಚಿಗೆ ಹರಳು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಊರೂರಿನ ಬೇಸಾಯ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್, ರಾಗಿಯ ನಡುವೆ ಅವರೆ ತೊಗರಿ ಬಿತ್ತುವ ಈ ಪದ್ಧತಿಯನ್ನು ಕೂರಿಗೆಯ ಹೆಸರಿನೊಂದಿಗೇ ದಾಖಲಿಸಿದ್ದಾನೆ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಇರುವ ಹೊಲವನ್ನೇ ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಷ್ಟು ಕಾಲ ಬಾಳಿದ್ದು ನನ್ನ ಒಂದು ಆಯುಷ್ಯದೊಳಗೆ ಹೋಯಿತು.

ಅಕ್ಕಡಿಯ ಗುಟ್ಟು ಇರುವುದು ಕಾಳುಗಳು ಒಟ್ಟಿಗೆ ಕೊಯ್ಲಿಗೆ ಬಾರದೇ ಇರುವುದರಲ್ಲಿ. ಮೊದಲು ಹೆಸರು, ತಡಗುಣಿ. ಮಹಾಲಯದ ಹೊತ್ತಿಗೆ ತಡಗುಣಿಯ ಹಸಿಕಾಯಿ ಬಿಡಿಸಿ ಸಾರು ಮಾಡಬಹುದಿತ್ತು. ಕಾರ್ತಿಕ ಕಳೆದ ಮೇಲೆ ರಾಗಿ ಕೊಯ್ಲು. ರಾಗಿ ಕುಯ್ದ ಹೊಲದಲ್ಲಿ ಅವರೆ ಹಬ್ಬಿಕೊಂಡು ಹೂ ಕಾಯಿ ಬಿಡುತ್ತ ನಿಂತಿರುತ್ತಿತ್ತು, ಸಂಕ್ರಾಂತಿ ದಾಟುವವರೆಗೂ. ಕಡೆಗೆ ತೊಗರಿ. ಹುಳ್ಳಿ ಎಂದು ನಾವು ಕರೆಯುವ ಹುರುಳಿಯದು ಬೇರೆ ಲೆಕ್ಕ: ಎಳ್ಳು ಕಿತ್ತ ಹೊಲಕ್ಕೋ ಏನೂ ಬೆಳೆಯದ ದಿಣ್ಣೆಗೋ ಹಿಂಗಾರಿನಲ್ಲಿ ಚೆಲ್ಲಿದರೆ ಇಬ್ಬನಿಯಲ್ಲೇ ಬೆಳೆದುಕೊಳ್ಳುತ್ತಿತ್ತು. ರಾಗಿ ಕೈಕೊಟ್ಟ ವರ್ಷವೂ ಬೇರು ಆಳಕ್ಕಿಳಿಸಿದ ತೊಗರಿ ಮನೆಯವರನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಕಾಳಿನ ಗಿಡದ ಬೇರುಗಂಟು ಗಾಳಿಯ ಸಾರಜನಕವನ್ನು ಮಣ್ಣಿಗಿಳಿಸುವುದರಿಂದ ಮುಂದಿನ ವರ್ಷದ ರಾಗಿಗೂ ಅದು ಗೊಬ್ಬರ.

ಹುಳ್ಳಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದನ್ನು ಬೆಳೆಯುತ್ತಿದ್ದದ್ದು ಮೊದಲಿಗೆ ಎತ್ತುಗಳಿಗಾಗಿ. ಉಳುಮೆಯ ಕಾಲದಲ್ಲಿ ಹಳ್ಳಿಕಾರ್ ಎತ್ತಿನ ಜೋಡಿಗೆ ಬೇಯಿಸಿದ ಹುಳ್ಳಿ ಇಡದ ಮನೆಯನ್ನು ಊರು ಕೀಳಾಗಿ ನೋಡುತ್ತಿತ್ತು. ಕೆಂಗಲ್ಲಿನ ಅಯ್ಯನಗುಡಿ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವ ಮುಂಚಿನ ವಾರಗಳಲ್ಲಂತೂ ದೊಡ್ಡ ಮಡಕೆ ಒಲೆಯಿಂದ ಇಳಿಯುತ್ತಲೇ ಇರಲಿಲ್ಲ. ಆ ಮಡಕೆಯ ಕಾಳು ಎತ್ತಿನ ಬಾನಿಗೆ, ಬಸಿದ ಕಟ್ಟು ಮನುಷ್ಯರ ಸಾರಿಗೆ. ಎರಡು ಎತ್ತು, ಏಳೆಂಟು ಜನ ಒಂದೇ ಬೆಂಕಿಯಲ್ಲಿ ಬೆಂದ ಒಂದೇ ಕಾಳನ್ನು ಉಂಡು ಗೇಯುತ್ತಿದ್ದರು. ಸೌದೆಯೂ ಉಳಿಯಿತು, ಕಾಳೂ ಉಳಿಯಿತು. ಹಣ ಉಳಿಸುವ ಅಡುಗೆ ಎಂದು ಇಂದು ಹೇಳಿಕೊಡುವ ಯಾವುದೂ ಇದಕ್ಕಿಂತ ಮುಂದೆ ಹೋಗಿಲ್ಲ.

ಎತ್ತಿಗೆ ಹಾಕದ ದಿನ ಕಾಳು ಪಲ್ಯವಾಗುತ್ತಿತ್ತು. ಬಸ್ಸಾರಿನ ಸೊಗಸೇ ಅದು, ಒಂದು ಸಲ ಬೇಯಿಸಿ ಎರಡು ಅಡುಗೆ. ಅವ್ವ ಒಂದು ಪಾವು ಹುಳ್ಳಿಯನ್ನು ಕಲ್ಲು ಆರಿಸಿ, ತೊಳೆದು, ಉಪ್ಪು ಹಾಕಿ ನಿಧಾನಕ್ಕೆ ಬೇಯಿಸುತ್ತಿದ್ದಳು. ಮಡಕೆಯ ಬಾಯಿಗೆ ಸಿಬ್ಬಲು ಮುಚ್ಚಿ ಬಗ್ಗಿಸಿದರೆ ಕೆಂಗಂದು ಬಣ್ಣದ ಕಟ್ಟು ಇಳಿಯುವುದು. ಕೆಂಡದಲ್ಲಿ ಸುಟ್ಟ ಈರುಳ್ಳಿ, ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕೊತ್ತಂಬರಿ, ಒಂದು ಚೂರು ಕಾಯಿ, ಹುಣಸೆಹಣ್ಣು, ಇವುಗಳ ಜೊತೆಗೆ ಬೆಂದ ಕಾಳನ್ನು ಒಂದು ಹಿಡಿ ಸೇರಿಸಿ ಒರಳಲ್ಲಿ ರುಬ್ಬಬೇಕು. ಆ ಒಂದು ಹಿಡಿ ಕಾಳನ್ನು ಮರೆತರೆ ಸಾರು ನೀರಾಗುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಕಲಸಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡುವುದು. ಉಳಿದ ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ, ಕಾಯಿತುರಿ. ಹುಳ್ಳಿಕಟ್ಟಿನ ಸಾರು ಮಾಡಿದ ದಿನಕ್ಕಿಂತ ಮಾರನೆಯ ದಿನ ಹೆಚ್ಚು ರುಚಿ. ಕುದಿಸಿ ಕುದಿಸಿ ಇಂಗಿಸಿದ್ದನ್ನು ಮೂರನೆಯ ದಿನ ಬೆರಳಲ್ಲಿ ನೆಕ್ಕಿಕೊಂಡು ಮುದ್ದೆ ಮುಗಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ.

ಉಪ್ಸಾರು ಇನ್ನೂ ಸರಳ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರು ಹಾಗೇ ಇರುತ್ತದೆ, ಖಾರ ಬೇರೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಉಪ್ಪು ಸೇರಿಸಿ ಅರೆದ ಆ ಖಾರವನ್ನು ಅವರವರ ತಟ್ಟೆಯಲ್ಲಿ ಅವರವರಿಗೆ ಬೇಕಾದಷ್ಟು ಕಲಸಿಕೊಳ್ಳುವುದು. ಮಗುವಿಗೂ ಮುದುಕರಿಗೂ ಬಾಣಂತಿಗೂ ಒಂದೇ ಮಡಕೆ ಸಾಕು. ಅದಕ್ಕೆ ಹಾಕುವ ಸೊಪ್ಪು ಅಣ್ಣೆ, ಗಣಿಕೆ, ಕೀರೆ, ಹೊನಗೊನೆ, ಎಲ್ಲ ಕಲೆತರೆ ಬೆರಕೆ ಸೊಪ್ಪು. ಅದಕ್ಕೂ ಕಾಸು ಕೊಡುತ್ತಿರಲಿಲ್ಲ, ರಾಗಿ ಹೊಲದಲ್ಲಿ ಕಳೆ ತೆಗೆಯುವಾಗಲೇ ಮಡಿಲು ತುಂಬುತ್ತಿತ್ತು.

ಅವರೆಯ ಕಾಲ ಬಂತೆಂದರೆ ಒಂದೇ ಗಿಡದಿಂದ ಎಷ್ಟು ಅಡುಗೆ! ಎಳೆಕಾಯಿಯ ಪಲ್ಯ, ಹಸಿಕಾಳಿನ ಸಾರು, ಬದನೆಕಾಯಿ ಜೊತೆ ಹುಳಿ, ಅವರೆಕಾಳಿನ ಉಪ್ಪಿಟ್ಟು, ಬಾಡು ತಂದ ದಿನ ಬಾಡಿಗೂ ಅದೇ ಕಾಳು. ಬಲಿತ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಹಿದುಕಿ ಮಾಡುವ ಇದುಕ್‌ಬೇಳೆ ಸಾರಂತೂ ಹಬ್ಬದ ಲೆಕ್ಕಕ್ಕೆ ಸೇರಿದ್ದು. ಹಿದುಕುವುದು ಒಬ್ಬರ ಕೆಲಸವಲ್ಲ. ಅಕ್ಕಪಕ್ಕದ ಹೆಂಗಸರು, ಮಕ್ಕಳು ಮೊರದ ಸುತ್ತ ಕೂತು ಬೆರಳು ಸುಕ್ಕಾಗುವವರೆಗೆ ಹಿದುಕುತ್ತಿದ್ದರು, ಊರಿನ ಸುದ್ದಿಯೆಲ್ಲ ಅಷ್ಟರಲ್ಲಿ ಮುಗಿಯುತ್ತಿತ್ತು. ಒತ್ತುಶಾವಿಗೆಗೆ ಆ ಸಾರು ಹುಯ್ದು ಉಂಡವರಿಗೆ ಬೇರೆ ಹೇಳಬೇಕಿಲ್ಲ. ಮಾಗಡಿ ಸೀಮೆಯ ಅವರೆಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಹೆಸರು ಬಂದದ್ದು ಸೊಗಡಿನಿಂದ. ಕಾಯಿಯ ಮೇಲೆ ಅಂಟುವ ಎಣ್ಣೆಯಂಥ ಸೊನೆಯಲ್ಲಿರುವ ಆ ವಾಸನೆ ಮಾಗಿಯ ಚಳಿಗೆ ಹದವಾಗಿ ಏರುತ್ತಿತ್ತು. ನಮ್ಮ ಹೊಲದ್ದೂ ಕಡಿಮೆಯೇನಿರಲಿಲ್ಲ.

ಕಾಳು ಮನೆಗೆ ಬಂದರೆ ಆಗಲಿಲ್ಲ, ಅದು ವರ್ಷ ಪೂರ್ತಿ ಉಳಿಯಬೇಕು. ತೊಗರಿಗೂ ಅವರೆಗೂ ಕೆಮ್ಮಣ್ಣು ಕಲಸಿ ಬಿಸಿಲಿಗೆ ಒಣಗಿಸುತ್ತಿದ್ದರು. ಹುಳ ಮೊಟ್ಟೆ ಇಡುವುದು ಕಾಳಿನ ಮೈಮೇಲೆ, ಮಣ್ಣಿನ ಕವಚ ಬಿದ್ದರೆ ಅದಕ್ಕೆ ಜಾಗ ಸಿಗುವುದಿಲ್ಲ. ತಡಗುಣಿ, ಹೆಸರಿಗೆ ಒಲೆಬೂದಿ. ಬಿತ್ತನೆಯ ಕಾಳನ್ನು ಬೇರೆ ಮಡಕೆಯಲ್ಲಿಟ್ಟು ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ ಏರಿಸುತ್ತಿದ್ದರು. ಆ ಮಡಕೆಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಎಂಥ ಬರದಲ್ಲೂ ಅದನ್ನು ಅಡುಗೆಗೆ ಇಳಿಸಲು ಅವಳು ಬಿಡುತ್ತಿರಲಿಲ್ಲ. ಯಾವ ಗಿಡದ ಕಾಯಿ ಬೀಜಕ್ಕೆ ಬಿಡಬೇಕು ಎಂದು ಹೊಲದಲ್ಲೇ ಗುರುತು ಮಾಡಿ ಬಂದಿರುತ್ತಿದ್ದಳು.

ಇದೆಲ್ಲ ಏಕೆ ಹೋಯಿತು ಎಂದು ಕೇಳಿದರೆ ಜನ ಸೋಮಾರಿಗಳಾದರು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು, ಎತ್ತಿನ ಹಿಂದೆ ಹುಳ್ಳಿಯೂ ಹೋಯಿತು. ರಾಗಿ ಕೊಯ್ಯುವ ಯಂತ್ರ ಹೊಲಕ್ಕಿಳಿದರೆ ಅದರ ದಾರಿಯಲ್ಲಿ ಹಸಿರಾಗಿ ನಿಂತ ಅವರೆ, ತೊಗರಿ ತೊಡಕು. ಕೂಲಿಗೆ ಜನ ಸಿಗದ ಊರಿನಲ್ಲಿ ಯಂತ್ರ ಬೇಡ ಎನ್ನುವುದು ಸುಲಭವಲ್ಲ. ಕಳೆನಾಶಕ ಹುಲ್ಲುಜಾತಿಯ ರಾಗಿಯನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಸುಡುತ್ತದೆ. ಅವರೆ, ತಡಗುಣಿ ಅಗಲ ಎಲೆಯವೇ, ಅಣ್ಣೆ, ಗಣಿಕೆಯೂ ಅಷ್ಟೇ. ಹೀಗೆ ಒಂದೇ ಸಿಂಪಡಣೆಗೆ ಉಪ್ಸಾರಿನ ಕಾಳೂ ಸೊಪ್ಪೂ ಎರಡೂ ಹೋದವು. ನೀರು ಬಂದ ಕಡೆ ಹಿಪ್ಪುನೇರಳೆ, ತೆಂಗು, ಮಾವು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಕೈಯಳತೆಯಲ್ಲಿರುವಾಗ ರೈತ ರೇಷ್ಮೆಗೆ ಹೋದದ್ದು ತಪ್ಪಲ್ಲ, ಎಷ್ಟೋ ಮನೆಯ ಮಕ್ಕಳನ್ನು ಓದಿಸಿದ್ದು ಆ ಗೂಡಿನ ದುಡ್ಡು. ಕಾಡಂಚಿನ ಊರುಗಳಿಗೆ ತೆಂಗಿನಕಲ್ಲು ಕಾಡಿನ ಕಡೆಯಿಂದ ಆನೆಗಳು ಬರುತ್ತವೆ. ರಾಗಿ ಕುಯ್ದ ಮೇಲೂ ತಿಂಗಳುಗಟ್ಟಲೆ ಹೊಲದಲ್ಲಿ ನಿಲ್ಲುವ ಅವರೆಗೆ ರಾತ್ರಿ ಕಾವಲು ಕಾಯುವವರು ಯಾರು?

ಅವರೆ ಪೂರ್ತಿ ಇಲ್ಲವಾಗಿಲ್ಲ, ನಿಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಹೆಬ್ಬಾಳ ಅವರೆ ತಳಿಗಳು ವರ್ಷದ ಎಲ್ಲ ಕಾಲದಲ್ಲೂ ಕಾಯಿ ಬಿಡುತ್ತವೆ. ನಾಡ ಅವರೆ ಹಗಲು ಕಿರಿದಾದಾಗಷ್ಟೇ ಹೂ ಬಿಡುವಂಥದ್ದು, ಹೊಸದಕ್ಕೆ ಆ ಕಟ್ಟಿಲ್ಲ. ಬೆಳೆದವನಿಗೆ ಅದರಿಂದ ಲಾಭವಾಗಿದೆ, ಸಂತೋಷ. ಆದರೆ ಬೇಸಿಗೆಯಲ್ಲಿ ಸಿಗುವ ಅವರೆಯಲ್ಲಿ ನನಗೆ ಸೊಗಡು ಸಿಕ್ಕಿಲ್ಲ. ಇನ್ನು ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ದೋಸೆಯಿಂದ ಜಾಮೂನಿನವರೆಗೆ ಅವರೆಯದೇ ತಿಂಡಿ ಸಿಗುತ್ತದೆ. ಅವರೆಯ ಮೇಲೆ ಊರಿನವರಿಗೆ ಇರುವ ಪ್ರೀತಿ ನಗರದಲ್ಲಿ ಬತ್ತಿಲ್ಲವೆಂದು ಅಲ್ಲಿನ ಜನಸಂದಣಿ ನೋಡಿದಾಗ ಸಮಾಧಾನವಾಗುತ್ತದೆ. ಹುಳ್ಳಿಗೆ, ತಡಗುಣಿಗೆ ಅಂಥ ಭಾಗ್ಯ ಬಂದಿಲ್ಲ.

ಹೋದದ್ದು ರುಚಿಯೊಂದೇ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹುಳ್ಳಿಯ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶವನ್ನು ಕಾಳು ತುಂಬಿಕೊಡುತ್ತದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅನ್ನು ರಾಗಿ ಕೊಡುತ್ತದೆ. ಮಾಂಸ ಜಾತ್ರೆ ಹಬ್ಬಕ್ಕಷ್ಟೇ ಸಿಗುತ್ತಿದ್ದ ಮನೆಗಳಲ್ಲಿ ಮಕ್ಕಳು ಬೆಳೆದದ್ದು ಈ ಜೋಡಿಯಿಂದ. 2013ರಲ್ಲಿ ಸರ್ಕಾರದ ಅನ್ನಭಾಗ್ಯ ಯೋಜನೆ ಬಂದು ಹಸಿದವರ ಮನೆಗೆ ಅಕ್ಕಿ ತುಂಬಿತು, ಅದು ದೊಡ್ಡ ಉಪಕಾರ. ಅನ್ನದ ಜೊತೆ ಕಾಳು ಮಾತ್ರ ಅದೇ ಪ್ರಮಾಣದಲ್ಲಿ ಬರಲಿಲ್ಲ, ತಿಳಿಸಾರಿನಲ್ಲೇ ಊಟ ಮುಗಿಯತೊಡಗಿತು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಬೆಲೆ ಕೇಳಿ ಬೆಚ್ಚಿದವರಲ್ಲಿ ನಮ್ಮ ಹೋಬಳಿಯ ರೈತರೂ ಇದ್ದರು. ಒಂದು ಕಾಲಕ್ಕೆ ತೊಗರಿಯ ಬೆಲೆಯೇ ಗೊತ್ತಿರದಿದ್ದ ಮನೆಗಳು ಅವು. ಇಂದು ನಮ್ಮ ದೇಶ ತೊಗರಿಯನ್ನು ಮ್ಯಾನ್ಮಾರ್‌ನಿಂದ, ಮೊಜಾಂಬಿಕ್‌ನಿಂದ ತರಿಸುತ್ತದೆ. ಹಿತ್ತಲಾಚೆಯ ಹೊಲ ಖಾಲಿ ಇರುವಾಗ ಸಾರಿನ ಕಾಳು ಕಡಲು ದಾಟಿ ಬರಬೇಕಾದದ್ದು ನನಗೆ ತೀರದ ದುಃಖ.

ಹೊಲ ಇರುವವರಲ್ಲಿ ನನ್ನದೊಂದು ಬೇಡಿಕೆ. ಎಲ್ಲ ಹೊಲಕ್ಕೂ ಬೇಡ, ಯಂತ್ರ ಇಳಿಯದ ಬದುವಿನ ಪಕ್ಕ, ಮನೆಗೆ ಹತ್ತಿರದ ಹತ್ತು ಗುಂಟೆಯಲ್ಲಿ ಈ ವರ್ಷ ಒಂದೆರಡು ಅಕ್ಕಡಿ ಸಾಲು ಬಿಡಿ, ಅಲ್ಲಿಗೆ ಕಳೆನಾಶಕ ಹೊಡೆಯಬೇಡಿ. ಪೇಟೆಯಲ್ಲಿರುವವರು ಸಂತೆಯಲ್ಲಿ ಹುಳ್ಳಿಯನ್ನೂ ತಡಗುಣಿಯನ್ನೂ ಕೇಳಿ ಕೊಳ್ಳಿ, ಕೊಳ್ಳುವವರಿದ್ದರೆ ಬೆಳೆಯುವವರು ಸಿಗುತ್ತಾರೆ. ಕುಕ್ಕರಿನಲ್ಲಿ ಕರಗಿಸಿಬಿಡದೆ, ಒಂದು ದಿನ ತೆರೆದ ಪಾತ್ರೆಯಲ್ಲಿ ಬೇಯಿಸಿ ಕಟ್ಟು ಬಸಿದು ನೋಡಿ. ಊರಿನ ಕೆಲವು ಮನೆಗಳ ಅಟ್ಟದಲ್ಲಿ ಇನ್ನೂ ಬೀಜದ ಮಡಕೆಗಳಿವೆ, ಅವನ್ನು ಇಟ್ಟ ಅಜ್ಜಿಯರೂ ಇದ್ದಾರೆ. ಮುಂಗಾರಿಗೆ ಮೊದಲು ಹೋಗಿ ಒಂದು ಬೊಗಸೆ ಕೇಳಿ ತನ್ನಿ. ಬಿತ್ತದೆ ಇಟ್ಟ ಕಾಳು ವರ್ಷ ಕಳೆದಂತೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.