ಹಲಬರ್ಗಾದ ಮಣ್ಣು, ಅಷ್ಟೂರಿನ ಗುಮ್ಮಟ

ಬೀದರಿನಿಂದ ಭಾಲ್ಕಿಗೆ ಹೋಗುವ ರೈಲುದಾರಿಯಲ್ಲಿ ಹಲಬರ್ಗಾ ಒಂದು ಚಿಕ್ಕ ನಿಲ್ದಾಣ. ತೊಗರಿಯ ಕಟಾವು ಮುಗಿದಿದ್ದ ದಿನಗಳಲ್ಲಿ ನಾನು ಅಲ್ಲಿ ಇಳಿದೆನು. ಮಠದ ಪಾಠಶಾಲೆಯಲ್ಲಿ ನನ್ನೊಡನೆ ಅಕ್ಷರ ಕಲಿತು, ಮುಂದೆ ಒಕ್ಕಲುತನವನ್ನೇ ನೆಚ್ಚಿ ಬಾಳಿದ ಗೆಳೆಯನೊಬ್ಬನು ಲಿಂಗೈಕ್ಯನಾದನೆಂಬ ಸುದ್ದಿ ಬಂದಿತ್ತು.

ನಮ್ಮಲ್ಲಿಯ ಸಂಸ್ಕಾರವು ವಾಚಕರಿಗೆ ತಿಳಿದುದೇ ಆಗಿದೆ. ದೇಹವನ್ನು ಪೂಜೆಗೆ ಕುಳಿತಂತೆ ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರಿಗಳನ್ನು ತುಂಬಿ ಮಣ್ಣು ಕೊಡುತ್ತಾರೆ. ಜೀವಮಾನವೆಲ್ಲ ಆ ಹೊಲವನ್ನು ಉತ್ತವನು ಅದರದೇ ಮೂಲೆಯಲ್ಲಿ ಕುಳಿತನು. ಒಂದು ತಾಸಿನೊಳಗೆ ನೆಲ ಸಮವಾಯಿತು. ಇಷ್ಟು ಸರಳವಾದ ಬೀಳ್ಕೊಡುಗೆಯನ್ನು ನಮ್ಮ ಹಿರಿಯರು ಎಷ್ಟು ವಿಚಾರಮಾಡಿ ಏರ್ಪಡಿಸಿದರೋ ಎಂದು ನಾನು ನೆನೆಯುತ್ತಿದ್ದೆನು.

ಮರುದಿನ ಬೆಳಗಿಗೆ ಆ ಸರಳತೆ ಉಳಿಯಲಿಲ್ಲ. ಪುಣೆಯಲ್ಲಿ ನೌಕರಿಯಲ್ಲಿರುವ ಹಿರಿಯ ಮಗನು ಅಳತೆಯ ಟೇಪು ಹಿಡಿದು ನಿಂತಿದ್ದನು. ಹನ್ನೆರಡು ಅಡಿ ಉದ್ದಗಲದ ಗದ್ದುಗೆ, ಅಮೃತಶಿಲೆ, ಮೇಲೆ ಮಂಟಪ, ಒಳಗೆ ಭಾವಚಿತ್ರ. ಆ ಮೂಲೆಯು ತನ್ನ ಪಾಲಿಗೆ ಬರತಕ್ಕದ್ದೆಂದು ಕಿರಿಯನು ಮುಖ ಗಂಟಿಕ್ಕಿದನು. “ಅಪ್ಪನ ಹೆಸರು ಉಳೀಬೇಕಲ್ರಿ ಗುರುಗಳೇ, ನೀವೇ ಹೇಳ್ರಿ” ಎಂದನು ಹಿರಿಯನು.

ನಾನು ಹೇಳಲಾರದೆ ಹೋದೆನು. ಅದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ನನ್ನ ವಿದ್ಯಾಗುರುಗಳ ಗದ್ದುಗೆಗೆ ಕರಿಕಲ್ಲು ಹಾಸಬೇಕೆಂದು ಊರೂರು ತಿರುಗಿ ಚಂದಾ ಎತ್ತಿದವರಲ್ಲಿ ನಾನೂ ಒಬ್ಬನು. ದಾನಿಗಳ ಕಲ್ಲಿನಲ್ಲಿ ನನ್ನ ಹೆಸರೂ ಕೆತ್ತಲ್ಪಟ್ಟಿದೆ. “ನಾಳೆ ಹೇಳುತ್ತೇನೆ” ಎಂದು ಸಮಯ ಬೇಡಿ ಬೀದರಿಗೆ ಹೊರಟು, ಅಲ್ಲಿಂದ ಪೂರ್ವಕ್ಕಿರುವ ಅಷ್ಟೂರಿಗೆ ಹೋದೆನು.

ಬಹಮನಿ ಸುಲ್ತಾನರ ಗುಮ್ಮಟಗಳು ಅಲ್ಲಿ ಸಾಲಾಗಿ ನಿಂತಿವೆ. ಮೊದಲನೆಯದು ಅಹಮದ ಶಹಾನದು. 1422ರಲ್ಲಿ ಅಣ್ಣ ಫಿರೋಜನನ್ನು ಸರಿಸಿ ಪಟ್ಟವೇರಿದವನು, ರಾಜಧಾನಿಯನ್ನು ಗುಲ್ಬರ್ಗೆಯಿಂದ ಬೀದರಿಗೆ ತಂದವನು, 1436ರಲ್ಲಿ ತೀರಿಕೊಂಡನು. ಒಳಗೋಡೆಯ ಬಣ್ಣಗಳೂ ಹೊಂಬಣ್ಣದ ಬರಹಗಳೂ ಕತ್ತಲೆಯಲ್ಲಿ ಈಗಲೂ ಮಿನುಗುತ್ತವೆ. ಅವನ ನಂತರದ ಸುಲ್ತಾನರಲ್ಲಿ ಒಬ್ಬನಾದ ಹುಮಾಯೂನನನ್ನು ಜನ ‘ಜಾಲಿಮ್’ ಎಂದು ಕರೆದರು. 1461ರಲ್ಲಿ ಸತ್ತ ಅವನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಬಿದ್ದುಹೋಗಿದೆ. ಸೀಳಿದ ಹಣ್ಣಿನಂತೆ ಒಳಭಾಗ ಕಾಣುತ್ತದೆ. ದೇವರ ಶಿಕ್ಷೆಯೆಂದು ಜನ ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ಸಿಡಿಲು ಸಜ್ಜನರ ಮನೆಗೂ ಬಡಿಯುತ್ತದೆ.

ಸಾಲಿನ ಕೊನೆಗೆ ಬಂದಂತೆ ಕಟ್ಟಡಗಳು ಕುಗ್ಗುತ್ತವೆ. ಅಧಿಕಾರವು ಬರೀದರ ಕೈಗೆ ಹೋದ ಮೇಲೆ ಹೆಸರಿಗೆ ಮಾತ್ರ ಸುಲ್ತಾನರಾಗಿದ್ದವರಿಗೆ ಸಣ್ಣ ಸಣ್ಣ ಕೋಣೆಗಳು ದಕ್ಕಿವೆ. ಅಂಥದೊಂದರ ಮುಂದೆ ನಿಂತಾಗ, ‘ನನಗೆ ಇಷ್ಟಾದರೂ ಸಾಕು’ ಎಂದು ಮನಸ್ಸು ನುಡಿಯಿತು! ಅರುವತ್ತು ದಾಟಿದ, ಶರಣರ ವಚನಗಳನ್ನು ನಲವತ್ತು ವರ್ಷ ಪಾಠ ಹೇಳಿದ ಮನಸ್ಸು ಇದು. ಸುತ್ತ ಯಾರೂ ಇರಲಿಲ್ಲವಾದರೂ ನಾಚಿಕೊಂಡೆನು.

ಅಷ್ಟೂರಿನ ಇನ್ನೊಂದು ಸಂಗತಿ ನಮ್ಮ ಸಮಾಜದವರಿಗೆ ಅಭಿಮಾನದ್ದು. ಅಹಮದ ಶಹಾನ ಉರುಸು ಆರಂಭವಾಗುವುದು ಒಬ್ಬ ಜಂಗಮರಿಂದ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಅವರು ಭಕ್ತರೊಡನೆ ಬರುತ್ತಾರೆ. ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಮುಸಲ್ಮಾನರು ಅವನನ್ನು ವಲಿಯೆನ್ನುವರು, ನಮ್ಮವರಲ್ಲಿ ಅನೇಕರು ಅಲ್ಲಮಪ್ರಭುವೆಂದೇ ಕೈಮುಗಿಯುವರು. ಹನ್ನೆರಡನೆಯ ಶತಮಾನದ ಪ್ರಭುದೇವನೆಲ್ಲಿ, ಹದಿನೈದರ ಸುಲ್ತಾನನೆಲ್ಲಿ ಎಂದು ಪಂಡಿತನು ಆಕ್ಷೇಪಿಸಬಹುದು, ಆಕ್ಷೇಪ ಸರಿಯಾದುದೇ. ಆದರೆ ಗೋಡೆಯ ಹೊನ್ನು ಕರೆತರದ ಜನವನ್ನು ಈ ನಂಬಿಕೆ ಕರೆತರುತ್ತಿದೆ. ಉಳಿದ ಗುಮ್ಮಟಗಳಲ್ಲಿ ಪಾರಿವಾಳಗಳಿವೆ.

ಮಹಮೂದ ಗವಾನನ ಮಾತು ಬೇರೆ. ಬೀದರಿನಲ್ಲಿ 1472ರಲ್ಲಿ ದೊಡ್ಡ ಮದರಸಾ ಕಟ್ಟಿಸಿದ ಆ ಮಂತ್ರಿಯನ್ನು 1481ರಲ್ಲಿ ವೈರಿಗಳು ಖೊಟ್ಟಿ ಪತ್ರವೊಂದನ್ನು ಸೃಷ್ಟಿಸಿ ಸಿಕ್ಕಿಸಿದರು. ಸುಲ್ತಾನನು ವಿಚಾರಿಸದೆ ತಲೆ ಹೊಡೆಸಿದನು, ಮರುವರ್ಷವೇ ತಾನೂ ಸತ್ತನು. ಆಮೇಲೆ ರಾಜ್ಯ ಚೂರಾಯಿತು. ಮದರಸೆಯ ಒಂದು ಭಾಗ ಮದ್ದಿನ ಸ್ಫೋಟದಲ್ಲಿ ಹಾರಿಹೋದರೂ ‘ಗವಾನ’ ಎಂದರೆ ಜನರಿಗೆ ನೆನಪಾಗುವುದು ಆ ಓದಿನ ಮನೆಯೇ. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರೂ ನೆನಪಾದರು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. 1999ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರನ್ನು ಈ ಭಾಗದ ಮುದುಕರು ಇಂದಿಗೂ ತಮ್ಮ ಅಕ್ಷರದೊಡನೆ ನೆನೆಯುತ್ತಾರೆ.

ಮೂರನೆಯ ದಿನ ಹಲಬರ್ಗಾಕ್ಕೆ ಮರಳಿದೆನು. ಉಪದೇಶ ಬಿಟ್ಟು, ನನ್ನ ಹೆಸರು ಕೆತ್ತಿಸಿಕೊಂಡ ಕಥೆಯನ್ನೇ ಹೇಳಿದೆನು. ಕಿರಿಯನು ಕೇಳಿದನು: “ಆ ಕಲ್ಲಿನಾಗ ನಿಮ್ಮ ಹೆಸರು ಇನ್ನೂ ಐತೇನ್ರಿ?”

“ಇದೆ.”

“ಅಳಸ್ತೀರೇನ್ರಿ?”

ನಾನು ಉತ್ತರ ಹುಡುಕುತ್ತಿದ್ದಂತೆ ಬಾಗಿಲ ಬಳಿ ಕುಳಿತಿದ್ದ ಅವರ ತಾಯಿ ಮಾತನಾಡಿದಳು. ಮೂರು ದಿನಗಳಲ್ಲಿ ನಾನು ಕೇಳಿದ ಆಕೆಯ ಮೊದಲ ಮಾತು ಅದು. “ನಾಕು ಕಲ್ಲು ಇಟ್ಟು ಬಿಡ್ರೋ. ಅವರಿಗೆ ಆ ಮೂಲ್ಯಾಗ ಹೆಸರು ಚಲೋ ಬರ್ತಿತ್ತು. ಮಿರಗಕ್ಕ ಸುತ್ತ ಬಿತ್ತ್ರಿ.”

ಹಿರಿಯ ಮಗನು ಟೇಪನ್ನು ಸುತ್ತಿ ಕಿಸೆಯಲ್ಲಿಟ್ಟುಕೊಂಡನು. ಅಳತೆ ಬರೆದುಕೊಂಡಿದ್ದ ಕಾಗದವನ್ನು ಮಾತ್ರ ಹರಿಯಲಿಲ್ಲ. ನಾನೂ ಕೇಳಲಿಲ್ಲ, ರೈಲಿನ ಹೊತ್ತಾಗಿತ್ತು.