ಶೂನ್ಯದ ಪರೀಕ್ಷೆ

ನಡುಗಡಲಿನಲ್ಲಿ ಹಡಗಿನ ನೆಲೆಯನ್ನು ಅರಿಯಲು ನಾವಿಕರು ಬಳಸುತ್ತಿದ್ದ ಹಳೆಯ ಸಾಧನಗಳಲ್ಲಿ ಸೆಕ್ಸ್‌ಟಂಟ್ ಪ್ರಸಿದ್ಧವಾದುದು. 1731ರಲ್ಲಿ ಜಾನ್ ಹ್ಯಾಡ್ಲಿಯವರು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿರಿಸಿದ ಆಕ್ಟಂಟ್ ಎಂಬ ಉಪಕರಣವೇ ಬೆಳೆದು ಸೆಕ್ಸ್‌ಟಂಟ್ ಆಯಿತು. ಇದರ ಕಮಾನು ವೃತ್ತದ ಆರನೆಯ ಒಂದು ಭಾಗ, ಅಂದರೆ 60 ಡಿಗ್ರಿ. ಬೆಳಕು ಎರಡು ಕನ್ನಡಿಗಳಲ್ಲಿ ಪ್ರತಿಫಲಿಸುವುದರಿಂದ ಅದರ ಮೇಲೆ 120 ಡಿಗ್ರಿಯವರೆಗಿನ ಕೋನವನ್ನು ಅಳೆಯಬಹುದು. ನಾವಿಕನು ದೂರದರ್ಶಕದಲ್ಲಿ ದಿಗಂತವನ್ನು ನೋಡುತ್ತ, ಕನ್ನಡಿಯುಳ್ಳ ತೋಳನ್ನು ಸರಿಸಿ, ಸೂರ್ಯಬಿಂಬವನ್ನು ದಿಗಂತಕ್ಕೆ ತಾಗುವಂತೆ ಇಳಿಸುತ್ತಾನೆ. ಆಗ ಕಮಾನಿನ ಮೇಲೆ ಕಾಣುವುದೇ ಸೂರ್ಯನ ಔನ್ನತ್ಯ.

ಮುಂಬಯಿಯ ವರ್ತಕರೊಬ್ಬರಲ್ಲಿ ಇಂಥ ಹಿತ್ತಾಳೆಯ ಸಾಧನವೊಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದುಂಟು. ಅದರ ಕುಶಲಗಾರಿಕೆಗಿಂತಲೂ ನನ್ನ ಮನಸ್ಸನ್ನು ಸೆಳೆದದ್ದು ಅದನ್ನು ಬಳಸುವವರ ಒಂದು ನಿಯಮ. ಅಳೆಯುವ ಮುನ್ನ ನಾವಿಕನು ತೋಳನ್ನು ಶೂನ್ಯಕ್ಕೆ ತಂದು ದಿಗಂತವನ್ನು ನೋಡಬೇಕು. ನೇರವಾಗಿ ಕಾಣುವ ಗೆರೆಯೂ ಕನ್ನಡಿಯಲ್ಲಿ ಕಾಣುವ ಗೆರೆಯೂ ಒಂದೇ ಆಗಿದ್ದರೆ ಸಾಧನ ಸರಿಯಾಗಿದೆ. ಗೆರೆ ಮುರಿದಂತೆ ಕಂಡರೆ, ಎರಡನ್ನೂ ಕೂಡಿಸಿ, ದೋಷವೆಷ್ಟೆಂದು ಓದಿಕೊಳ್ಳಬೇಕು. ದೋಷ ಅಲ್ಪವಾಗಿದ್ದರೆ ತಿರುಪನ್ನು ಮುಟ್ಟುವುದಿಲ್ಲ. ಅದನ್ನು ಬರೆದಿಟ್ಟುಕೊಂಡು, ಅಳತೆಯಿಂದ ಕಳೆಯುತ್ತಾರೆ ಅಥವಾ ಅದಕ್ಕೆ ಕೂಡಿಸುತ್ತಾರೆ. ಡಿಗ್ರಿಯ 60ನೆಯ ಒಂದು ಭಾಗವಾದ ಒಂದು ಮಿನಿಟು ತಪ್ಪಿದರೂ ಸಮುದ್ರದ ಮೇಲೆ ಒಂದು ನಾಟಿಕಲ್ ಮೈಲಿ, ಎಂದರೆ 1,852 ಮೀಟರು, ತಪ್ಪಿದಂತೆ. ಇರುಳಿನಲ್ಲಿ ಬಂಡೆಗಳ ಬಳಿ ಸಾಗುವ ಹಡಗಿಗೆ ಅಷ್ಟು ಸಾಕು.

ಅಂಗಡಿಯ ತಕ್ಕಡಿಗೂ ಇಂಥದೇ ಪರೀಕ್ಷೆಯಿದೆ. ತೂಗುವ ಮುನ್ನ ಬರಿಯ ತಟ್ಟೆಗಳು ಸಮನಾಗಿ ನಿಂತು ಮುಳ್ಳು ನೆಟ್ಟಗಿರಬೇಕು. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಸೆಕ್ಸ್‌ಟಂಟಿನ ದೋಷ ಹೆಚ್ಚಿನ ಕಡೆಗಿರಲಿ, ಕಡಿಮೆಯ ಕಡೆಗಿರಲಿ, ನಾವಿಕನಿಗೆ ಲಾಭವಿಲ್ಲ. ಆದುದರಿಂದ ಅವನು ಎರಡನ್ನೂ ಸಮಾನವಾಗಿ ಹುಡುಕುತ್ತಾನೆ. ತಕ್ಕಡಿಯ ದೋಷವಾದರೋ ಒಂದು ಕಡೆಗಿದ್ದರೆ ಗಿರಾಕಿಗೆ ನಷ್ಟ, ಇನ್ನೊಂದು ಕಡೆಗಿದ್ದರೆ ವ್ಯಾಪಾರಿಗೆ ನಷ್ಟ. ನಲವತ್ತು ವರ್ಷಗಳ ವ್ಯವಹಾರದಲ್ಲಿ ನಾನು ಕಂಡಿರುವಂತೆ, ರೋಕಡ ಹತ್ತು ರೂಪಾಯಿ ಕಡಿಮೆ ಬಂದರೆ ಗುಮಾಸ್ತರು ರಾತ್ರಿಯವರೆಗೂ ಕುಳಿತು ಹುಡುಕುತ್ತಾರೆ. ಹತ್ತು ರೂಪಾಯಿ ಹೆಚ್ಚು ಬಂದರೆ ನಾಳೆ ನೋಡಿದರಾಯಿತೆಂದು ಪುಸ್ತಕ ಮುಚ್ಚುತ್ತಾರೆ. ಇವರನ್ನು ಕಳ್ಳರೆನ್ನಲಾಗದು. ತಮಗೆ ಅನುಕೂಲವಾದ ದೋಷವನ್ನು ಹುಡುಕುವ ಆಸಕ್ತಿ ಇವರಿಗಿಲ್ಲ, ಅಷ್ಟೆ. ಆದರೆ ಆ ಹತ್ತು ರೂಪಾಯಿ ಯಾರೋ ಒಬ್ಬರದು; ಅವರು ಬಡವರೂ ಆಗಿರಬಹುದು.

ಇಂದು ಉಪಗ್ರಹಗಳು ಹಡಗಿಗೆ ದಾರಿ ತೋರಿಸುತ್ತಿದ್ದರೂ ನೌಕಾಧಿಕಾರಿಗಳ ಶಿಕ್ಷಣದಲ್ಲಿ ಸೆಕ್ಸ್‌ಟಂಟಿಗೆ ಸ್ಥಾನ ಉಳಿದಿದೆ. ನಾವೂ ಈ ನಿಯಮವನ್ನು ಉಳಿಸಿಕೊಳ್ಳುವುದು ಲೇಸು. ಅಂಗಡಿಯ ಲೆಕ್ಕವಾಗಲಿ, ಸಾರ್ವಜನಿಕ ನಿಧಿಯ ಲೆಕ್ಕವಾಗಲಿ, ಪರಿಶೀಲಿಸುವಾಗ ನಮಗೆ ಲಾಭವಾಗಿ ಬಂದಿರುವ ತಪ್ಪುಗಳನ್ನೇ ಮೊದಲು ಹುಡುಕಬೇಕು. ನಮಗೆ ನಷ್ಟ ತಂದವನ್ನು ಹುಡುಕುವಂತೆ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.